ಕುಡಿಯದೆ ಕೆಳಗಿಟ್ಟ ಬಟ್ಟಲು

ಗಂಡಸರಿಗೆ ಕಾಲಿಗಿಂತ ಮೀಸೆ ಮುಖ್ಯ ಎಂಬುದು ತುರ್ಫಾಗೆ ಮದುವೆಯಾದ ಹೊಸದರಲ್ಲೇ ಗೊತ್ತಾಗಿತ್ತು. ಆದರೂ ಗಂಡ ಖಲಫ್, ತೊಡೆ ಮುರಿದು ಮಲಗಿದ್ದ ಮಗನನ್ನು ಆಸ್ಪತ್ರೆಯಿಂದ ಎಬ್ಬಿಸಿ, ಪಿಕಪ್ ಗಾಡಿಯ ಹಿಂದೆ ಹಾಸಿಗೆ ಹಾಸಿ ಮನೆಗೆ ಕರೆತಂದಾಗ, ಮೀಸೆಗೂ ಒಂದು ಮಿತಿ ಬೇಡವೇ ಎಂದು ಅವಳಿಗೆ ಅನ್ನಿಸಿತು. ನವ್ವಾಫನ ತುಟಿ ಬಿಳಿಚಿಕೊಂಡಿತ್ತು. ಬಾಯಲ್ಲಿ ಕಂಬಳಿಯ ನೂಲು ಸಿಕ್ಕಿಕೊಂಡಿತ್ತು. ದಾರಿಯಲ್ಲಿ ನೋವಿಗೆ ಕಂಬಳಿ ಕಚ್ಚಿಕೊಂಡಿದ್ದಾನೆ ಎಂದು ಅವಳಿಗೆ ತಿಳಿಯಿತು.

ಹಿಂದಿನ ದಿನ ಆದದ್ದು ಇಷ್ಟು. ನವ್ವಾಫ್ ತನ್ನ ನೀರಿನ ಟ್ಯಾಂಕರನ್ನು ಮೂಜಿಬ್ ಕಣಿವೆಯ ತಿರುವಿನಲ್ಲಿ ನಿಲ್ಲಿಸಿ, ಸೋರುತ್ತಿದ್ದ ನಲ್ಲಿ ಬಿಗಿಮಾಡುತ್ತಿದ್ದ. ಟೊಮೆಟೊ ಹೇರಿಕೊಂಡು ಇಳಿಯುತ್ತಿದ್ದ ರಾಕಾನ್ ಎಂಬ ಹುಡುಗನ ಗಾಡಿ ಬ್ರೇಕು ಹತ್ತದೆ ಬಂದು ಗುದ್ದಿತು. ನವ್ವಾಫನ ತೊಡೆಯ ಮೂಳೆ, ಮೊಣಕಾಲಿನ ಕೆಳಗಿನ ಮೂಳೆ ಎರಡೂ ಮುರಿದವು. ತಲೆಗೆ ಒಂದು ಗೀರೂ ಆಗಲಿಲ್ಲ. ಆಂಬುಲೆನ್ಸಿನಲ್ಲಿ ಮಲಗಿಕೊಂಡೇ, ರಸ್ತೆಗೆಲ್ಲ ಚೆಲ್ಲಿದ್ದ ಟೊಮೆಟೊ ನೋಡುತ್ತಾ, ತಾಯಿಗೆ ಫೋನಿನಲ್ಲಿ, “ಯಮ್ಮಾ, ಈ ವಾರ ಸಾರಿಗೆ ಚಿಂತೆಯಿಲ್ಲ” ಎಂದಿದ್ದ. ಅಂಥ ಹುಡುಗ ಅವನು.

ರಾಕಾನನನ್ನು ಪೊಲೀಸರು ಒಳಗೆ ಹಾಕಿದರು. ಅವನ ಕುಲದವರು ಸುಮ್ಮನೆ ಕೂರುವವರಲ್ಲ, ಮರ್ಯಾದಸ್ಥರು. ಮರುದಿನ ಮಧ್ಯಾಹ್ನವೇ ಜಾಹಾ ಎಂಬ ರಾಜಿಯ ತಂಡ ಕರೆದುಕೊಂಡು ಬರುತ್ತೇವೆ, ಹಿರಿಯರೆಲ್ಲ ಸೇರಿ ಮಾಫಿ ಕೇಳುತ್ತೇವೆ ಎಂದು ಹೇಳಿಕಳಿಸಿದರು. ಮಾಫಿ ಸಿಕ್ಕರೆ ಹುಡುಗ ಹೊರಗೆ, ಎರಡು ಕುಲಗಳ ನಡುವೆ ಸಲಾಮು. ಸಿಗದಿದ್ದರೆ ಮುಂದಿನದನ್ನು ದೇವರೇ ಬಲ್ಲ.

ಇಂಥ ಕಡೆ ಮಾಫಿಯ ಮಾತಾಡಬೇಕಾದವನು ಮನೆಯ ಹಿರಿಯ. ಖಲಫನೇ ಆಡಿದ್ದರೆ ಸಾಕಿತ್ತು. ಆದರೆ ಅವನ ದಾಯಾದಿ ಮುಜಲ್ಲಿಗೆ ನಾಲಿಗೆಯಲ್ಲಿ ಮೂಳೆಯಿಲ್ಲ. ಚಹಾ ಅಂಗಡಿಯಲ್ಲಿ ಕೂತು, “ನಮ್ಮ ಖಲಫ್ ಒಂದು ಬಟ್ಟಲು ಕಾಫಿಗೆ ಮಗನ ಕಾಲು ಮಾರ್ತಾನೆ ನೋಡ್ತಿರಿ” ಎಂದುಬಿಟ್ಟ. ಆ ಮಾತು ಖಲಫನ ಕಿವಿಗೆ ಬಿತ್ತು. ಸರಿ, ಮಗನೇ ಬರಲಿ, ನಮ್ಮ ಪಡಸಾಲೆಯಲ್ಲಿ ನಮ್ಮ ಜನರ ಮುಂದೆ ಮಾಫಿ ಅವನ ಬಾಯಲ್ಲೇ ಬರಲಿ, ಆಮೇಲೆ ಯಾವನು ಏನಂತಾನೋ ನೋಡುವ ಎಂದು ಹಟ ಹಿಡಿದ. ಮೂಳೆಯೊಳಗೆ ಸರಳು ಹಾಕುವ ಆಪರೇಷನ್ ಇನ್ನೂ ಆಗಿರಲಿಲ್ಲ. ಡಾಕ್ಟರ್ ಲಮೀಸ್ ಬೇಡ ಎಂದರು, ಗದರಿದರು, ಕೊನೆಗೆ ಕೈಮುಗಿಯುವುದೊಂದು ಬಾಕಿ. ಖಲಫ್ ತನ್ನದೇ ಜವಾಬ್ದಾರಿ ಎಂದು ರುಜು ಹಾಕಿ ಕರೆತಂದ.

“ಒಂದು ಮಧ್ಯಾಹ್ನದ ಮಾತು ಕಣೇ, ಉಮ್ ನವ್ವಾಫ್” ಎಂದ ಹೆಂಡತಿಗೆ, ನವ್ವಾಫನ ತಾಯಿ ಎಂದು ಎಂದಿನಂತೆ ಕರೆದು. “ಸಂಜೆಗೆ ವಾಪಸ್ ಬಿಟ್ಟು ಬರ್ತೀನಿ.”

“ಅವನೇನು ಬಾಡಿಗೆ ಕುರ್ಚಿನಾ, ಸಂಜೆಗೆ ವಾಪಸ್ ಕೊಡೋಕೆ?” ಎಂದಳು ತುರ್ಫಾ. ಅಷ್ಟೇ ಅಂದಳು. ಹೆಚ್ಚು ಅನ್ನಬೇಕಿತ್ತು ಎಂದು ಆಮೇಲೆ ಬಹಳ ಸಲ ಅನ್ನಿಸಿತು.

ಮಗನಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿ, ಒಗೆದ ಬಿಳಿ ನಿಲುವಂಗಿ ಹಾಕುವಾಗ ಅವಳು ನೋಡಿದಳು. ಎದೆಯ ಮೇಲೆ, ಕಂಕುಳಲ್ಲಿ, ಸೂಜಿಮೊನೆ ತಾಗಿಸಿದ ಹಾಗೆ ಕೆಂಪು ಚುಕ್ಕೆಗಳು. ಉಜ್ಜಿದರೆ ಹೋಗಲಿಲ್ಲ. ಉಣ್ಣೆಯ ಕಂಬಳಿ ಚುಚ್ಚಿರಬೇಕು ಅಂದುಕೊಂಡಳು. ನವ್ವಾಫ್ ಅವಳನ್ನೇ ನೋಡುತ್ತಾ, “ಯಮ್ಮಾ, ಈ ಕುರಿಗಳನ್ನ ಒಳಗೆ ಬಿಟ್ಟೋರು ಯಾರು?” ಎಂದ. ಕೋಣೆಯಲ್ಲಿ ಕುರಿಯಿರಲಿಲ್ಲ. ಅವರು ಕುರಿ ಮಾರಿ ವರ್ಷಗಳೇ ಆಗಿದ್ದವು. ನೋವಿನ ಇಂಜೆಕ್ಷನ್ನಿನ ಮಂಪರು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅತ್ತ ಖಲಫ್ ಬಂದು ಮಗನ ಪಕ್ಕ ಕೂತು, ಹೇಳಬೇಕಾದ ಮಾತನ್ನು ಗಿಳಿಗೆ ಕಲಿಸುವ ಹಾಗೆ ಮತ್ತೆ ಮತ್ತೆ ಕಲಿಸಿದ. ನವ್ವಾಫ್ ವಿಧೇಯನಾಗಿ ಮತ್ತೆ ಮತ್ತೆ ಹೇಳಿದ.

ಜಾಹಾ ಬಂತು. ಪಡಸಾಲೆ ತುಂಬ ಜನ, ಕೆಂಪು ಚೌಕಳಿ ರುಮಾಲುಗಳು. ನವ್ವಾಫನ ಮಂಚವನ್ನು ಒಳಬಾಗಿಲ ಪರದೆಗೆ ಒತ್ತಿ ಹಾಕಿದ್ದರು. ಪರದೆಯ ಈಚೆ ತುರ್ಫಾ ನಿಂತಿದ್ದಳು. ರಾಕಾನನ ಕುಲದ ಹಿರಿಯ ಹಾಜಿ ದೈಫಲ್ಲಾ, ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಈಸಿಕೊಂಡು, ತುಟಿಗೆ ತಾಗಿಸದೆ ತನ್ನ ಮುಂದೆ ನೆಲಕ್ಕಿಟ್ಟ. ಬಂದ ಕೆಲಸ ಆಗದೆ ಕುಡಿಯುವುದಿಲ್ಲ ಎಂದು ಅದರ ಅರ್ಥ. ಪಡಸಾಲೆಯಲ್ಲಿ ಕೆಮ್ಮೂ ನಿಂತಿತು.

“ನಮ್ಮ ಹುಡುಗ ತಪ್ಪು ಮಾಡಿದ್ದಾನೆ” ಎಂದ ಹಾಜಿ. “ತಲೆ ತಗ್ಗಿಸಿ ಬಂದಿದೀವಿ. ನೀವು ಏನಂದ್ರೂ ನಮ್ಮ ತಲೆ ಮೇಲೆ.”

ಖಲಫ್ ಮಗನ ಕಡೆ ಕೈ ತೋರಿಸಿದ. ನವ್ವಾಫ್ ಎಷ್ಟೋ ಹೊತ್ತು ಸುಮ್ಮನಿದ್ದ. ಗಂಭೀರ ಹುಡುಗ ಎಂದು ಜನ ಮೆಚ್ಚಿಕೊಂಡರು. ಆಮೇಲೆ ಅವನು, ಒಂದಕ್ಷರ ತಪ್ಪದೆ, “ದೇವರಿಗಾಗಿ, ಬಂದ ಹಿರಿಯರಿಗಾಗಿ ಮಾಫಿ ಮಾಡಿದೀನಿ. ಕುಡೀರಿ ನಿಮ್ಮ ಕಾಫಿ” ಎಂದ.

ಪಡಸಾಲೆ ಉಸಿರು ಬಿಟ್ಟಿತು. ಹಾಜಿ ಕಾಫಿ ಕುಡಿದ, ಎಲ್ಲರೂ ಕುಡಿದರು, ಖಲಫನ ಬೆನ್ನು ತಟ್ಟಿದರು. ಅವರು ತಂದಿದ್ದ ಸಿಹಿಯ ದೊಡ್ಡ ತಟ್ಟೆ ಎಲ್ಲರ ಕೈ ಸುತ್ತಿತು. ಆ ಗದ್ದಲದಲ್ಲಿ ತುರ್ಫಾ ಪರದೆಯ ಸಂದಿಯಿಂದ ಕೈ ಚಾಚಿ ಮಗನ ಕಂಬಳಿ ಮೇಲಕ್ಕೆಳೆದಳು. ಅವನು ತಿರುಗಿ ಅವಳನ್ನು ನೋಡಿ ನಕ್ಕ.

“ಯಮ್ಮಾ, ಇವತ್ತು ಯಾರ ಮದುವೆ?” ಎಂದು ಮೆಲ್ಲಗೆ ಕೇಳಿದ.

ತುರ್ಫಾಳ ಕೈ ಅಲ್ಲೇ ನಿಂತಿತು. ಅದು ತಮಾಷೆಯ ಮುಖವಾಗಿರಲಿಲ್ಲ. ಮದುವೆ ಯಾರದೆಂದು ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು.

ಜನ ಹೋದ ಮೇಲೆ ಅವಳು ಗಂಡನಿಗೆ ಹೇಳಿದಳು. “ಅವನ ಮಾತು ಸರಿಯಿಲ್ಲ, ಅಬು ನವ್ವಾಫ್. ಎಲ್ಲಿದೀನಿ ಅನ್ನೋದೇ ಗೊತ್ತಿಲ್ಲ ಅವನಿಗೆ.”

“ಅಷ್ಟು ಜನರ ಮುಂದೆ ಶೇಖ್ ಹಾಗೆ ಮಾತಾಡಿದಾನೆ, ಮಾತು ಸರಿಯಿಲ್ಲ ಅಂತೀಯಲ್ಲ! ಸುಸ್ತಾಗಿದಾನೆ, ಮಲಗಲಿ. ಬೆಳಿಗ್ಗೆ ಬಿಟ್ಟು ಬರ್ತೀನಿ” ಎಂದ ಖಲಫ್. ಗೆದ್ದ ಗಂಡಸಿಗೆ ಆ ಹೊತ್ತಿನಲ್ಲಿ ಏನು ಹೇಳಿದರೂ ಹತ್ತುವುದಿಲ್ಲ.

ಬೆಳಿಗ್ಗೆ ನವ್ವಾಫ್ ಏಳಲಿಲ್ಲ. ಹೆಸರು ಹಿಡಿದು ಕೂಗಿದರೆ ಕಣ್ಣು ಅರ್ಧ ತೆರೆದು ಮುಚ್ಚುತ್ತಿದ್ದ. ಮೆಟ್ಟಿಲು ಹತ್ತಿ ಬಂದವನ ಹಾಗೆ ಉಸಿರಾಡುತ್ತಿದ್ದ. ಈ ಸಲ ಆಂಬುಲೆನ್ಸ್ ಬಂತು.

ಆಸ್ಪತ್ರೆಯ ಮೊಗಸಾಲೆಯಲ್ಲಿ ಸುದ್ದಿ ಕೇಳಿ ಎಲ್ಲರೂ ನೆರೆದರು. ಹಾಜಿ ದೈಫಲ್ಲಾ ಕೂಡ ತನ್ನವರೊಂದಿಗೆ ಬಂದ. ಮಾಫಿಯ ಬಲದ ಮೇಲೆ ರಾಕಾನ್ ಅವತ್ತು ಬೆಳಿಗ್ಗೆಯಷ್ಟೇ ಬಿಡುಗಡೆಯಾಗಿದ್ದ. ಅವನೂ ಬಂದು ಗೋಡೆಗೆ ಒರಗಿ ನಿಂತಿದ್ದ, ಬಾಡಿದ ಸೊಪ್ಪಿನ ಹಾಗೆ. ಡಾಕ್ಟರ್ ಲಮೀಸ್ ನವ್ವಾಫನ ಮುಖಕ್ಕೆ ಆಮ್ಲಜನಕದ ಮುಖವಾಡ ಹಾಕಿಸಿ ಹೊರಗೆ ಬಂದರು. ತಲೆಯ ಮೊದಲ ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಎಂದರು.

“ಕೊನೆಗೆ ಸರಿಯಾಗಿ ಮಾತಾಡಿದ್ದು ಯಾವಾಗ?”

“ನಿನ್ನೆ ಮಧ್ಯಾಹ್ನ” ಎಂದ ಖಲಫ್. “ಇವರೆಲ್ಲ ಸಾಕ್ಷಿ. ಎಷ್ಟು ಚೆನ್ನಾಗಿ ಮಾತಾಡಿದ ಅಂದ್ರೆ, ಇವರನ್ನೇ ಕೇಳಿ.”

ಹೌದು ಹೌದು ಎಂದರು ಎರಡೂ ಕಡೆಯವರು. ಆ ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇರಲಿಲ್ಲ.

ಡಾಕ್ಟರ ಹುಬ್ಬು ಗಂಟಾಯಿತು. “ಅಷ್ಟು ಚೆನ್ನಾಗಿದ್ದೋನು ಒಂದೇ ರಾತ್ರೀಲಿ ಹೀಗಾದ್ನಾ? ಆಮೇಲೆ ಏನಾದ್ರೂ ತಿಂದ್ನಾ? ಯಾರಾದ್ರೂ ಮಾತ್ರೆ ಗೀತ್ರೆ ಕೊಟ್ರಾ?”

ಮುಜಲ್ಲಿ ಇದಕ್ಕೇ ಕಾದಿದ್ದವನ ಹಾಗೆ ಗಂಟಲು ಸರಿಮಾಡಿಕೊಂಡ. “ಸಿಹಿ ತಟ್ಟೆ ತಂದಿದ್ರು ಇವರು. ನಾನೇನೂ ಹೇಳ್ತಾ ಇಲ್ಲಪ್ಪ. ತಂದಿದ್ರು ಅಂದೆ ಅಷ್ಟೆ.”

ಮೊಗಸಾಲೆ ತಣ್ಣಗಾಯಿತು. ಹಾಜಿಯ ಹಿಂದೆ ನಿಂತಿದ್ದ ಯುವಕರು ಒಂದು ಹೆಜ್ಜೆ ಮುಂದೆ ಬಂದರು. ಖಲಫನ ಕಡೆಯವರೂ ಬಂದರು.

ತುರ್ಫಾಗೆ ಅತ್ತ ದರಿ, ಇತ್ತ ಪುಲಿ. ಅವಳು ಸುಮ್ಮನಿದ್ದರೆ ಡಾಕ್ಟರು ವಿಷ ಹುಡುಕುತ್ತಾ ಕೂರುತ್ತಾರೆ, ಮುಜಲ್ಲಿಯ ಮಾತು ಬೆಂಕಿಯಾಗುತ್ತದೆ, ಒಳಗೆ ಮಗನ ಉಸಿರು ಹೀಗೇ ಏದುತ್ತಿರುತ್ತದೆ. ಬಾಯಿಬಿಟ್ಟರೆ, ನಿನ್ನೆ ಮಾಫಿ ಹೇಳಿದವನಿಗೆ ತಾನು ಏನು ಹೇಳುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ ಎಂದಾಗುತ್ತದೆ. ಮಾಫಿ ನೀರುಪಾಲು, ಗಂಡನ ಮರ್ಯಾದೆ ಮಣ್ಣುಪಾಲು. ಗೋಡೆಗೆ ಒರಗಿದ ಆ ಹುಡುಗ ಮತ್ತೆ ಲಾಕಪ್ಪಿಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ರಾಕಾನನ ಮುಖ ನೋಡಿದಳು. ಅವನಿಗೂ ಒಬ್ಬ ತಾಯಿ ಇರುತ್ತಾಳೆ ಅನ್ನಿಸಿತು. ಆಮೇಲೆ ಒಳಗೆ ಮಲಗಿದ್ದ ತನ್ನ ಮಗನ ಉಸಿರಿನ ಸದ್ದು ಕೇಳಿಸಿತು.

“ಚೆನ್ನಾಗಿರಲಿಲ್ಲ” ಎಂದಳು.

ಎಲ್ಲರೂ ತಿರುಗಿದರು. ಖಲಫ್, “ಉಮ್ ನವ್ವಾಫ್” ಎಂದ, ಎಚ್ಚರಿಕೆಯ ದನಿಯಲ್ಲಿ.

“ಚೆನ್ನಾಗಿರಲಿಲ್ಲ, ಡಾಕ್ಟರಮ್ಮ. ಜಾಹಾ ಬರೋಕ್ ಮುಂಚೇನೇ ಕೋಣೇಲಿ ಕುರಿ ಇದೆ ಅಂತಿದ್ದ. ಮಾಫಿ ಹೇಳಿ ಬಾಯಿ ಮುಚ್ಚಿಲ್ಲ, ಯಾರ ಮದುವೆ ಇವತ್ತು ಅಂತ ನನ್ನ ಕೇಳಿದ. ಅವನು ಹೇಳಿದ್ದೆಲ್ಲ ಅವರಪ್ಪ ಬಾಯಿಪಾಠ ಮಾಡಿಸಿದ್ದು. ಸಿಹೀನ ಅವನು ಮುಟ್ಟೇ ಇಲ್ಲ. ಮತ್ತೆ ಮೈಮೇಲೆ ಚುಕ್ಕೆ ಇವೆ, ಕೆಂಪಗೆ, ಎದೆ ಮೇಲೆ.”

ಡಾಕ್ಟರು ಮುಂದಿನ ಮಾತಿಗೆ ಕಾಯಲಿಲ್ಲ. ಒಳಗೆ ಓಡಿ ನಿಲುವಂಗಿ ಸರಿಸಿದರು, ಕಂಕುಳು ನೋಡಿದರು, ಕಣ್ಣಿನ ಕೆಳರೆಪ್ಪೆ ಮಡಚಿ ನೋಡಿದರು. ಅಲ್ಲೂ ಚುಕ್ಕೆಗಳಿದ್ದವು. ಮತ್ತೊಂದು ದೊಡ್ಡ ಸ್ಕ್ಯಾನಿಗೆ ಕಳಿಸಿದರು. ಅದು ಬಂದ ಮೇಲೆ ತುರ್ಫಾಳನ್ನೂ ಖಲಫನನ್ನೂ ಕರೆದು ಪರದೆಯ ಮೇಲೆ ತೋರಿಸಿದರು. ಮಗನ ಮೆದುಳಿನ ತುಂಬ ಬಿಳಿ ಚುಕ್ಕೆಗಳು, ರೊಟ್ಟಿಯ ಮೇಲೆ ಎಳ್ಳು ಉದುರಿಸಿದ ಹಾಗೆ.

“ಕುರಿ ಕಾಲಿನ ಸಾರು ಮಾಡ್ತೀರಲ್ಲ, ಮೇಲೆ ಜಿಡ್ಡು ಕಣ್ಣು ಕಣ್ಣಾಗಿ ತೇಲುತ್ತಲ್ಲ?” ಎಂದರು ಡಾಕ್ಟರು. “ಮೂಳೆ ಒಳಗಿರೋ ಕೊಬ್ಬು ಅದು. ದೊಡ್ಡ ಮೂಳೆ ಮುರಿದಾಗ ಕೆಲವರಿಗೆ ಅದು ರಕ್ತದೊಳಗೆ ಹೋಗುತ್ತೆ. ಶ್ವಾಸಕೋಶದಲ್ಲಿ ಸಿಕ್ಕಿಕೊಂಡ್ರೆ ಉಸಿರು ಕಟ್ಟುತ್ತೆ. ಮೆದುಳಲ್ಲಿ ಸಿಕ್ಕಿಕೊಂಡ್ರೆ ಹೀಗೆ. ಒಂದೆರಡು ದಿನ ಬಿಟ್ಟು ಶುರುವಾಗೋದು ಇದರ ಚಾಳಿ. ವಿಷಾನೂ ಅಲ್ಲ, ಗಿಷಾನೂ ಅಲ್ಲ.”

“ಮುರಿದ ತಕ್ಷಣವೇ ಹೋಗಿರುತ್ತಾ?” ಎಂದು ಕೇಳಿದ ಖಲಫ್. ಅವನ ದನಿ ಎಲ್ಲೋ ಒಳಗಿನಿಂದ ಬಂತು.

ಡಾಕ್ಟರು ಸ್ವಲ್ಪ ತಡೆದರು. “ಹೋಗಿರಬಹುದು. ಸರಳು ಹಾಕದ ಮೂಳೆ ಅಲ್ಲಾಡಿದಷ್ಟೂ ಇನ್ನೂ ಹೋಗುತ್ತೆ. ಎಷ್ಟು ಯಾವಾಗ ಹೋಯ್ತು ಅಂತ ಯಾರೂ ಹೇಳೋಕಾಗಲ್ಲ.”

ತುರ್ಫಾ ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ಬೀಳುತ್ತಿದ್ದ. “ಮಗ ಬರ್ತಾನಾ?” ಎಂದಳು.

“ಬಹಳ ಜನ ಬರ್ತಾರೆ. ನಿಧಾನಕ್ಕೆ. ಉಸಿರು ಹಿಡಿದು ಕೊಡೋದು ನಮ್ಮ ಕೆಲಸ, ಉಳಿದದ್ದು ಅವನ ಮೈಯೇ ಮಾಡ್ಕೊಬೇಕು. ಮಾತು ಕೊಡಲಾರೆ, ಅಮ್ಮ.”

ಹೊರಗೆ ಹಾಜಿ ದೈಫಲ್ಲಾ ಎಲ್ಲವನ್ನೂ ಕೇಳಿಸಿಕೊಂಡ. ಮುದುಕ ಕೋಲು ಊರಿಕೊಂಡು ಎದ್ದ. “ಹಾಗಾದ್ರೆ ನಿನ್ನೆ ನಾವು ಕುಡಿದ ಕಾಫಿ ನಮ್ಮದಲ್ಲ, ಅಬು ನವ್ವಾಫ್. ಬುದ್ಧಿ ಇಲ್ಲದ ಹೊತ್ತಲ್ಲಿ ಆಡಿದ ಮಾತು ಮಾತಲ್ಲ, ಅದನ್ನ ಇಟ್ಟುಕೊಂಡ್ರೆ ಕಳ್ಳತನ. ನಿನ್ನ ಮಗನಿಗೆ ಬುದ್ಧಿ ಬರೋವರೆಗೂ ಗಡುವು ಕೊಡು. ಹುಡುಗನ್ನ ನಾನೇ ಠಾಣೆಗೆ ಬಿಟ್ಟು ಬರ್ತೀನಿ.” ರಾಕಾನ್ ಅವನ ಹಿಂದೆ ನಡೆದ. ಹೋಗುವಾಗ ತುರ್ಫಾಳ ಮುಂದೆ ಒಂದು ಕ್ಷಣ ನಿಂತು, ತಲೆಬಾಗಿ, “ನೀವು ಸರಿಯಾಗೇ ಹೇಳಿದ್ರಿ, ಅತ್ತೆ” ಎಂದ. ಆಗ ಅವಳಿಗೆ ಅಳು ತಡೆಯಲಾಗಲಿಲ್ಲ.

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿ ಖಲಫನದು. ಅವತ್ತು ಮೀಸೆಯೂ ಮಣ್ಣಾಗಿತ್ತು. ಅವನು ಮೊಗಸಾಲೆಯ ನೆಲದ ಮೇಲೆ ಕೂತ. ಮುಜಲ್ಲಿ ಬಂದು ಏನೋ ಪಿಸುಗುಟ್ಟಿದಾಗ, “ಹೋಗಯ್ಯಾ, ಹೋಗಿ ಚಹಾ ಕುಡಿ” ಎಂದು ಅಟ್ಟಿದ. ನಲವತ್ತು ವರ್ಷ ಕೇಳಿದ ನಾಲಿಗೆಯನ್ನು ಒಂದೇ ಮಾತಿಗೆ ಕೊಡವಿಕೊಂಡ. ಮೊನ್ನೆಯೇ ಕೊಡವಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು!

ಆಮೇಲಿನ ದಿನಗಳು ತೀವ್ರ ನಿಗಾ ಕೋಣೆಯ ಗಾಜಿನ ಆಚೆ ಕಳೆದವು. ಮೊದಲು ಏದುಸಿರು ಇಳಿಯಿತು. ಚುಕ್ಕೆಗಳು ಬಂದಷ್ಟೇ ಸದ್ದಿಲ್ಲದೆ ಮಾಯವಾದವು. ಮೈ ತಡೆದುಕೊಳ್ಳುತ್ತದೆ ಎಂದಾದ ಮೇಲೆ ಡಾಕ್ಟರು ಮೂಳೆಗೆ ಸರಳು ಹಾಕಿದರು. ನವ್ವಾಫ್ ಕಣ್ಣು ತೆರೆದ, ಆದರೆ ಯಾರನ್ನೂ ಗುರುತು ಹಿಡಿಯಲಿಲ್ಲ. ಒಂದು ಬೆಳಿಗ್ಗೆ ನೀರು ಎಂದ. ಇನ್ನೊಂದು ದಿನ ನರ್ಸನ್ನು ಯಮ್ಮಾ ಎಂದು ಕರೆದ. ತುರ್ಫಾ ಅದಕ್ಕೂ ಸಂತೋಷಪಟ್ಟಳು, ಪದವಾದರೂ ಬಂತಲ್ಲ ಎಂದು. ಹೆಸರುಗಳು ಒಂದೊಂದಾಗಿ, ಸಂಜೆ ಮೇವು ಮುಗಿಸಿ ಬರುವ ಮೇಕೆಗಳ ಹಾಗೆ, ತಮಗೆ ಬೇಕಾದ ಹೊತ್ತಿಗೆ ವಾಪಸು ಬಂದವು.

ಖಲಫ್ ದಿನವೂ ಫ್ಲಾಸ್ಕಿನಲ್ಲಿ ಏಲಕ್ಕಿ ಹಾಕಿದ ಕಾಫಿ ತರುತ್ತಿದ್ದ. ನೋಡಲು ಬಂದವರಿಗೆಲ್ಲ ಹೊಯ್ದು ಕೊಡುತ್ತಿದ್ದ. ತಾನು ಕುಡಿಯುತ್ತಿರಲಿಲ್ಲ. ಅದು ಮೊದಲು ಕಂಡದ್ದು ತುರ್ಫಾಗೆ. ಉಸಿರಾಡುವಷ್ಟೇ ಸಲೀಸಾಗಿ ಕಾಫಿ ಕುಡಿಯುತ್ತಿದ್ದ ಗಂಡಸು. ಅವಳು ಕೇಳಲಿಲ್ಲ. ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ, ಆದರೂ ಅವನು ಖಾಲಿ ಬಟ್ಟಲು ತೊಳೆದಿಡುವುದನ್ನು ನೋಡಿದಾಗ ಕರುಳು ಚುರುಕ್ ಎನ್ನುತ್ತಿತ್ತು.

ಹೀಗಿರುವಾಗ ಹಾಜಿ ದೈಫಲ್ಲಾ ಮತ್ತೆ ಬಂದ. ಈ ಸಲ ಜನರಿಲ್ಲ, ಗದ್ದಲವಿಲ್ಲ, ಕೋಲು ಮಾತ್ರ. ನವ್ವಾಫ್ ದಿಂಬಿಗೆ ಒರಗಿ ಕೂತು ಕಿಟಕಿಯ ಬಿಸಿಲು ನೋಡುತ್ತಿದ್ದ. ಖಲಫ್ ಕಾಫಿ ಹೊಯ್ದು ಕೊಟ್ಟ. ಹಾಜಿ ಅದನ್ನು ಮಂಚದ ಪಕ್ಕದ ಮೇಜಿನ ಮೇಲೆ, ಕುಡಿಯದೆ ಇಟ್ಟ.

ಖಲಫ್ ಇನ್ನೊಂದು ಬಟ್ಟಲು ಹೊಯ್ದ. ಅದನ್ನು ಹಿಡಿದುಕೊಂಡು ಬಂದು, ಮಗನ ತಲೆದಿಂಬಿನ ಕಡೆಯಿದ್ದ ತನ್ನ ಕುರ್ಚಿ ಬಿಟ್ಟು, ಹಾಜಿಯ ಪಕ್ಕದಲ್ಲಿ ಕೂತ. ತನ್ನ ಬಟ್ಟಲನ್ನೂ ಆ ಬಟ್ಟಲಿನ ಪಕ್ಕದಲ್ಲಿಟ್ಟ. ತುರ್ಫಾಗೆ ಅಷ್ಟು ದಿನ ಅವನು ಯಾಕೆ ಕುಡಿಯಲಿಲ್ಲ ಎಂಬುದು ಆಗ ತಿಳಿಯಿತು.

“ಅಪ್ಪ, ನೀನ್ಯಾಕೆ ಆ ಕಡೆ ಕೂತೆ?” ಎಂದ ನವ್ವಾಫ್.

“ಇದೇ ನನ್ನ ಜಾಗ” ಎಂದ ಖಲಫ್. “ಇವರ ಹುಡುಗ ನಿನ್ನ ಕಾಲು ಮುರಿದ. ಆ ಕಾಲನ್ನ ಗಾಡಿ ಮೇಲೆ ಕುಣಿಸಿದೋನು ನಾನು.”

ನವ್ವಾಫ್ ಬಾಯಿ ತೆರೆಯುವಷ್ಟರಲ್ಲಿ ತುರ್ಫಾ ಕೈ ಅಡ್ಡ ಹಿಡಿದಳು. “ತಡಿ. ಯಾರೂ ಮಾತಾಡಬೇಡಿ. ಮೊದಲು ನಾನು ಕೇಳ್ತೀನಿ. ಒಂದು ಸಲ ಆಗಿದ್ದು ಸಾಕು.” ಮಗನ ಕಡೆ ತಿರುಗಿ, ಮೇಷ್ಟರ ಹಾಗೆ ನಿಂತಳು. “ನಿನ್ನ ಟ್ಯಾಂಕರ್ ಬಣ್ಣ ಏನು?”

“ನೀಲಿ. ಅಂದ್ರೆ, ತುಕ್ಕು ಬಿಟ್ಟು ಉಳಿದ ಕಡೆ ನೀಲಿ.”

“ಕೋಣೇಲಿ ಕುರಿ ಇದೆಯಾ?”

“ಇಲ್ಲಿ ಮೇಯೋಕೇನಿದೆ, ಯಮ್ಮಾ?”

ತುರ್ಫಾ ಮಂಚಕ್ಕೆ ಇನ್ನಷ್ಟು ಹತ್ತಿರ ಬಂದಳು. “ಇವತ್ತು ಯಾರ ಮದುವೆ?”

ನವ್ವಾಫ್ ಮೂವರನ್ನೂ ಒಮ್ಮೆ ನೋಡಿದ. “ಯಾರ ಮದುವೆ? ನನಗೇ ಇನ್ನೂ ಹುಡುಗಿ ನೋಡಿಲ್ಲ ನೀವು, ಊರೋರ ಮದುವೆ ನನ್ನ ಕೇಳ್ತೀಯಲ್ಲ!”

ಹಾಜಿ ದೈಫಲ್ಲಾ ಕೋಲು ಬಡಿದು ನಕ್ಕ. ತುರ್ಫಾ ನಗುತ್ತಲೇ ರುಮಾಲಿನಿಂದ ಕಣ್ಣು ಒತ್ತಿಕೊಂಡಳು. “ಇವನೇ ನನ್ನ ಮಗ” ಎಂದಳು. “ಈಗ ಕೇಳ್ಕೊಳಿ.”

ಅವತ್ತು ಆದದ್ದನ್ನೆಲ್ಲ ಹಾಜಿ ಮೊದಲಿನಿಂದ ಹೇಳಿದ. ನವ್ವಾಫನಿಗೆ ಜಾಹಾ ನೆನಪಿರಲಿಲ್ಲ, ಪಡಸಾಲೆ ನೆನಪಿರಲಿಲ್ಲ, ತಾನು ಹೇಳಿದ ಮಾಫಿಯೂ ನೆನಪಿರಲಿಲ್ಲ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಯೋಚಿಸಿದ. “ಬ್ರೇಕ್ ಹತ್ತಲಿಲ್ಲ, ಪಾಪ. ಅವನೇನು ಬೇಕಂತ ಮಾಡಿದ್ನಾ? ರಾಕಾನ್‌ಗೆ ಮಾಫಿ. ನಿಮ್ಮ ಕಾಫಿ ಕುಡೀರಿ, ಹಾಜಿ. ಗಾಡಿಗೆ ಹೊಸ ಬ್ರೇಕ್ ಹಾಕಿಸೋಕೆ ಹೇಳಿ.”

ಹಾಜಿ ಬಟ್ಟಲೆತ್ತಿ ಕುಡಿದ. ಮೇಜಿನ ಮೇಲೆ ಒಂದೇ ಬಟ್ಟಲು ಉಳಿಯಿತು. ಖಲಫ್ ತಲೆ ತಗ್ಗಿಸಿ ಕೂತಿದ್ದ.

“ಅಪ್ಪ” ಎಂದ ನವ್ವಾಫ್. ಈಗ ಅವನ ಮುಖದಲ್ಲಿ ನಗೆಯಿರಲಿಲ್ಲ. “ನನಗೆ ಒಂದೇ ನೆನಪಿದೆ. ಆ ದಾರಿ ತಿರುವುಗಳು. ಒಂದೊಂದು ತಿರುವಲ್ಲೂ ನಿಲ್ಸು ಅಂತ ಕೂಗ್ತಿದ್ದೆ. ಗಾಳಿ ಸದ್ದಿಗೆ ನಿನಗೆ ಕೇಳಿಸಲಿಲ್ಲ ಅಂತ ಕಾಣುತ್ತೆ.”

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ಮಗ ದಾರಿ ಮಾಡಿಕೊಟ್ಟಿದ್ದ. ತುರ್ಫಾ ಉಸಿರು ಹಿಡಿದು ನೋಡಿದಳು.

“ಕೇಳಿಸ್ತು” ಎಂದ ಖಲಫ್. “ಪ್ರತಿ ಸಲಾನೂ ಕೇಳಿಸ್ತು, ಮಗಾ.”

ಹೊರಗೆ ಯಾರೋ ತಳ್ಳುಗಾಡಿ ತಳ್ಳಿಕೊಂಡು ಹೋದರು. ನವ್ವಾಫ್ ಬಹಳ ಹೊತ್ತು ತಂದೆಯನ್ನೇ ನೋಡಿದ. ಈ ಸಲದ ಮೌನ ಮಂಪರಿನದಲ್ಲ ಎಂದು ತುರ್ಫಾಗೆ ಗೊತ್ತಿತ್ತು. ಆಮೇಲೆ ಅವನು ಕಷ್ಟಪಟ್ಟು ಬಗ್ಗಿ, ಮೇಜಿನ ಮೇಲಿದ್ದ ಬಟ್ಟಲನ್ನು ತಾನೇ ಎತ್ತಿ, ತಂದೆಯ ಕೈಗೆ ಕೊಟ್ಟ. ಅವನ ಬೆರಳಿಗೆ ಇನ್ನೂ ಹಿಡಿತ ಬಂದಿರಲಿಲ್ಲ, ಒಂದಿಷ್ಟು ಕಾಫಿ ಕಂಬಳಿಯ ಮೇಲೆ ಚೆಲ್ಲಿತು.

“ಆರಿಹೋಗಿದೆ” ಎಂದ. “ಆದ್ರೂ ಕುಡಿ.”

ಖಲಫ್ ಕುಡಿದ. ಬಟ್ಟಲು ಅಲ್ಲಾಡಿಸಿ ಕೊಟ್ಟರೆ, ಇನ್ನು ಕಾಫಿ ಸಾಕು ಎಂದರ್ಥ. ಅವನು ಅಲ್ಲಾಡಿಸಲಿಲ್ಲ. ಖಾಲಿ ಬಟ್ಟಲನ್ನು ಹಾಗೇ ಹೆಂಡತಿಯ ಕಡೆ ಚಾಚಿದ. ತುರ್ಫಾ ಅದನ್ನು ಸ್ವಲ್ಪ ಹೊತ್ತು ಅವನ ಕೈಯಲ್ಲೇ ಬಿಟ್ಟಳು, ಅವನ ತೋಳು ಸೋಲಲಿ ಎಂದು. ಆಮೇಲೆ ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಬಿಸಿ ಕಾಫಿ ಹೊಯ್ದಳು.